ಗುಜರಿಗೆ ಹಾಕುವ ಮುನ್ನ

ತಾಳೆಯೋಲೆಯ ಕಟ್ಟನ್ನು ಕಂಡರೆ ನಾವು ಕೈಮುಗಿಯುತ್ತೇವೆ. ಕೆಟ್ಟ ಕಂಪ್ಯೂಟರನ್ನು ಕಂಡರೆ ಗುಜರಿಯವನನ್ನು ಕೂಗುತ್ತೇವೆ. ಎರಡರಲ್ಲಿಯೂ ಇರುವುದು ಅಕ್ಷರವೇ ಎಂಬುದನ್ನು ವಿದ್ಯಾವಂತರೂ ಮರೆಯುವುದು ಶೋಚನೀಯ.

ಕಂಪ್ಯೂಟರ್ ಕೆಟ್ಟರೆ ಒಳಗಿನ ಬರಹವೂ ಹೋಯಿತೆಂಬುದು ತಪ್ಪು ಕಲ್ಪನೆ. ಅನೇಕ ವೇಳೆ ಕೆಟ್ಟಿರುವುದು ವಿದ್ಯುತ್ ಒದಗಿಸುವ ಭಾಗವೋ ಮದರ್‌ಬೋರ್ಡೋ ಆಗಿರುತ್ತದೆ. ಬರಹವಿರುವುದಾದರೋ ಹಾರ್ಡ್ ಡಿಸ್ಕಿನಲ್ಲಿ. 1956ರಲ್ಲಿ ಐ.ಬಿ.ಎಂ. ಕಂಪನಿಯು ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ನಮ್ಮ ಹಳೆಯ ಕಂಪ್ಯೂಟರುಗಳ ಡಿಸ್ಕು ಅಂಗೈಯಗಲವಾದರೂ ತತ್ತ್ವವೊಂದೇ: ತಿರುಗುವ ತಟ್ಟೆಯ ಮೇಲೆ ಕಾಂತೀಯ ಗುರುತುಗಳು. ವಿದ್ಯುತ್ ನಿಂತ ಮಾತ್ರಕ್ಕೆ ಅವು ಅಳಿಯುವುದಿಲ್ಲ.

ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಜ್ಜಿಗೆ ಓದುಬರಹವಿರಲಿಲ್ಲ, ಸೋಬಾನೆ ಪದಗಳು ಮಾತ್ರ ರಾತ್ರಿಯಿಡೀ ಹಾಡುವಷ್ಟು ಬರುತ್ತಿದ್ದವು. ಊರಿನ ಮೇಷ್ಟರೊಬ್ಬರು ಹಿಂದೆ ಅವನ್ನು ಬರೆದುಕೊಂಡು ಹೋಬಳಿಯ ಡಿ.ಟಿ.ಪಿ. ಅಂಗಡಿಯಲ್ಲಿ ಟೈಪು ಮಾಡಿಸಿದ್ದರು. ಪುಸ್ತಕವಾಗಲಿಲ್ಲ, ಕೈಬರಹ ಗೆದ್ದಲಿನ ಪಾಲಾಯಿತು, ಅಜ್ಜಿಯೂ ತೀರಿಕೊಂಡಳು. ಅಂಗಡಿಯ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿತ್ತು. ಕಳೆದ ಬೇಸಗೆಯಲ್ಲಿ ನಾನೂ ಗೆಳೆಯರೂ ಅದರ ಡಿಸ್ಕನ್ನು ಹೊರತೆಗೆದು, ಸಣ್ಣದೊಂದು ಅಡಾಪ್ಟರಿನ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದೆವು. ಫೈಲು ತೆರೆದರೆ ಕಂಡದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಆ ಹಳೆಯ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂಡಿಸಿದ್ದರು. ಅದೇ ಫಾಂಟನ್ನು ಹಾಕಿದೊಡನೆ ಅಜ್ಜಿಯ ಪದಗಳು ಮೂಡಿದವು. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಈಗ ಮೊಬೈಲಿನಲ್ಲಿಯೂ ಓದಬಹುದಾಗಿದೆ.

‘ಅಂಥ ಹಳೆಯ ಪೆಟ್ಟಿಗೆಯಲ್ಲಿ ಬೆಲೆಯುಳ್ಳದ್ದೇನಿದ್ದೀತು?’ ಎಂದು ಕೆಲವರು ಕೇಳಬಹುದು. ದೊಡ್ಡವರ ಬರಹ ಅಚ್ಚಾಗಿ ಗ್ರಂಥಾಲಯ ಸೇರುತ್ತದೆ. ಅಕ್ಷರವಿಲ್ಲದವರ ಮಾತು ಬರಹಕ್ಕಿಳಿಯುವುದೇ ಅಪೂರ್ವ. ಇಳಿದರೂ ಒಂದೇ ಪ್ರತಿ. ಅದು ಹೋದರೆ ಎಲ್ಲವೂ ಹೋದಂತೆ.

ಕೆಲವು ಎಚ್ಚರಿಕೆಗಳು ಅವಶ್ಯ. ಡಿಸ್ಕಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು; ಧೂಳಿನ ಕಣವೊಂದೇ ತಟ್ಟೆಯನ್ನು ಕೆಡಿಸಬಲ್ಲದು. ಟಕ್ ಟಕ್ ಸದ್ದು ಬಂದರೆ ಕೂಡಲೇ ವಿದ್ಯುತ್ ತೆಗೆದು ಬಲ್ಲವರಿಗೆ ಒಪ್ಪಿಸಬೇಕು. ಆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಬಾರದು; ಅಳಿಸಿದ ಫೈಲು ಕೂಡ ಅದರ ಜಾಗದಲ್ಲಿ ಬೇರೊಂದು ಬಂದು ಕೂರುವವರೆಗೆ ಸಾಮಾನ್ಯವಾಗಿ ಉಳಿದಿರುತ್ತದೆ. ನಾವು ಅಳಿಸಿದೆವೆಂದುಕೊಂಡ ಅಂಕಪಟ್ಟಿ, ವಿಳಾಸಗಳು ಗುಜರಿಯಿಂದ ಪರರ ಕೈಸೇರುವ ಅಪಾಯವೂ ಇದರಿಂದಲೇ.

ಆದುದರಿಂದ ನನ್ನ ಸೂಚನೆ ಇಷ್ಟೆ. ಕಾಲೇಜಿನ ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕುವ ಮುನ್ನ ಆಯಾ ವಿಭಾಗದವರು ಡಿಸ್ಕನ್ನು ಪರಿಶೀಲಿಸಲಿ. ಉಳಿಸತಕ್ಕದ್ದನ್ನು ಎರಡು ಪ್ರತಿ ಮಾಡಿ ಎರಡು ಕಡೆ ಇಡಲಿ. ಆಮೇಲೆ ಡಿಸ್ಕನ್ನು ನಾಶಮಾಡಲಿ. ಅಧ್ಯಾಪಕರು ಅನುಮತಿಯಿತ್ತರೆ ದುಡಿಯಲು ವಿದ್ಯಾರ್ಥಿಗಳು ಸಿದ್ಧರಿದ್ದಾರೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕುವುದರಿಂದ ಪ್ರಯೋಜನವಿಲ್ಲ.