ಎತ್ತರಕ್ಕೇರಿದರೂ ಬಿಡದ ಸೆಳೆತ

2025ರ ಜೂನ್ ತಿಂಗಳಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿ, ಅಲ್ಲಿ ತೇಲಾಡಿದ ದೃಶ್ಯವನ್ನು ವಾಚಕರನೇಕರು ಕಂಡಿರಬೇಕು. ನಮ್ಮಲ್ಲಿಗೆ ಪಾಠಕ್ಕೆ ಬರುವ ಬಾಲಕನೊಬ್ಬನು, “ಅಲ್ಲಿ ಭೂಮಿಯ ಸೆಳೆತ ಇಲ್ಲವೇ, ಗುರುಗಳೇ?” ಎಂದು ಕೇಳಲು, “ಇಲ್ಲವಪ್ಪಾ” ಎಂದುಬಿಟ್ಟೆವು. ಅದು ತಪ್ಪು. ಮಗುವಿಗೆ ಹೇಳಿದ ತಪ್ಪು ಬೇಗ ಬೇರೂರುವುದರಿಂದ ಇಲ್ಲಿಯೂ ತಿದ್ದಿಕೊಳ್ಳುತ್ತೇವೆ.

ಗುರುತ್ವದ ಲೆಕ್ಕವನ್ನು ನೆಲದಿಂದಲ್ಲ, ಭೂಮಿಯ ಕೇಂದ್ರದಿಂದ ಹಿಡಿಯಬೇಕು. ಕೇಂದ್ರದಿಂದ ನೆಲಕ್ಕೆ ಸುಮಾರು 6,370 ಕಿಲೋಮೀಟರು. ಈ ದೂರವು ಇಮ್ಮಡಿಯಾದರೆ ಸೆಳೆತವು ಕಾಲುಭಾಗಕ್ಕಿಳಿಯುವುದು. ಮುಮ್ಮಡಿಯಾದರೆ ಒಂಬತ್ತರಲ್ಲೊಂದು ಪಾಲು. ನಿಲ್ದಾಣವಾದರೋ ನೆಲದಿಂದ ಕೇವಲ 400 ಕಿಲೋಮೀಟರಿನಷ್ಟು ಮೇಲಿದೆ. ಅಲ್ಲಿ ಸೆಳೆತವು ನೂರಕ್ಕೆ 89ರಷ್ಟು ಉಳಿದೇ ಇದೆ!

ಹಾಗಾದರೆ ತೇಲುವುದೇಕೆ? ನಿಲ್ದಾಣವೂ ಅದರೊಳಗಿನವರೂ ಕೂಡಿಯೇ ಬೀಳುತ್ತಿರುತ್ತಾರೆ. ಹಗ್ಗ ಹರಿದು ಬಾವಿಗೆ ಬೀಳುವ ಕೊಡದಲ್ಲಿ ನೀರು ಕೊಡದ ತಳವನ್ನು ಒತ್ತುವುದಿಲ್ಲ; ಅಂತೆಯೇ ಇದು. ಆದರೆ ನಿಲ್ದಾಣವು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಮುಂದಕ್ಕೂ ಧಾವಿಸುವುದರಿಂದ, ಅದು ಬಿದ್ದಷ್ಟೂ ದುಂಡನೆಯ ಭೂಮಿಯು ಕೆಳಗೆ ಬಾಗಿ ಸರಿಯುವುದು.

ಮರುದಿನ ಇದನ್ನು ವಿವರಿಸಿದಾಗ ಬಾಲಕನು, “ಚಂದ್ರನೂ ಬೀಳುತ್ತಿದ್ದಾನೆಯೇ?” ಎಂದನು. ಪ್ರಶ್ನೆ ಕೇಳಿ ನಮಗೆ ರೋಮಾಂಚನವಾಯಿತು. ಚಂದ್ರನಿರುವುದು ಸುಮಾರು 60 ಭೂತ್ರಿಜ್ಯಗಳ ದೂರದಲ್ಲಿ. ಅಲ್ಲಿ ಸೆಳೆತ 3,600ರಲ್ಲೊಂದು ಪಾಲು. ಇಲ್ಲಿ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರು ಬಿದ್ದರೆ, ಚಂದ್ರನು ತನ್ನ ನೇರದಾರಿಯಿಂದ ಭೂಮಿಯತ್ತ ಬಾಗುವುದು ಸೆಕೆಂಡಿಗೆ ಸುಮಾರು 1.4 ಮಿಲಿಮೀಟರು. ಭಾಗಿಸಿ ನೋಡಿರಿ, ಲೆಕ್ಕ ಕೂಡುತ್ತದೆ. ಕಲ್ಲನ್ನೂ ಚಂದ್ರನನ್ನೂ ಎಳೆಯುವ ಬಲ ಒಂದೇ ಎಂದು ನ್ಯೂಟನ್ನನು 1687ರ ‘ಪ್ರಿನ್ಸಿಪಿಯ’ದಲ್ಲಿ ತೋರಿಸಿದ್ದು ಇದೇ ಭಾಗಾಕಾರದಿಂದ. ಬಾಲಕನು ಅದನ್ನು ಸ್ಲೇಟಿನ ಮೇಲೆ ಎರಡು ಸಲ ಮಾಡಿ ನೋಡಿದನು.