ನಡತೆಯ ನಿಯಮಾವಳಿ: ಅಂಕುಶವೋ, ಆಸರೆಯೋ?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ದೇಹದ ಆರೋಗ್ಯವನ್ನೂ ಲೋಕವ್ಯವಹಾರದ ನಡತೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹಿರಿಯರ ವಿವೇಕ ಮೆಚ್ಚತಕ್ಕದ್ದೇ ಸರಿ. ದುಡಿಯುವ ಮನುಷ್ಯನು ತಾನು ಎಚ್ಚರವಾಗಿರುವ ಹೊತ್ತಿನಲ್ಲಿ ಸುಮಾರು ಅರ್ಧ ಭಾಗವನ್ನು ಕೆಲಸದ ಸ್ಥಳದಲ್ಲಿಯೇ ಕಳೆಯುತ್ತಾನೆ. ಅಲ್ಲಿಯ ಗಾಳಿ, ಅಲ್ಲಿಯ ನೀರು, ಅಲ್ಲಿ ಕಿವಿಗೆ ಬೀಳುವ ಮಾತು, ಅಲ್ಲಿ ದೊರೆಯುವ ಮರ್ಯಾದೆ ಇವು ಕೆಟ್ಟಿದ್ದರೆ ಮನೆಯಲ್ಲಿ ಎಷ್ಟು ಪಥ್ಯ ಮಾಡಿದರೂ ಫಲವೇನು? ಆದುದರಿಂದ ಆರೋಗ್ಯದ ವಿಚಾರ ಬಂದಾಗ ಆಹಾರ, ವ್ಯಾಯಾಮ, ಔಷಧಿಗಳ ಜೊತೆಗೆ ಉದ್ಯೋಗ ಸ್ಥಳದ ನಡತೆಯನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಅನುಚಿತವಾಗಲಾರದು.

ಪಾರಸಿಕ ಬೆಟ್ಟದ ಮಗ್ಗುಲಿನಲ್ಲಿರುವ ಬೇಲಾಪುರವು ಈ ವಿಚಾರಕ್ಕೆ ತಕ್ಕ ನೆಲವಾಗಿದೆ. 1970ರಲ್ಲಿ ಸಿಡ್ಕೋ ಸಂಸ್ಥೆಯು ಸ್ಥಾಪನೆಯಾಗಿ ನವಿ ಮುಂಬಯಿಯನ್ನು ಕಟ್ಟಲಾರಂಭಿಸಿದ ಮೇಲೆ ಹಳೆಯ ಕೋಟೆಯ ಈ ಊರು ಕಚೇರಿಗಳ ಊರಾಯಿತು. ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ರಾಸಾಯನಿಕ, ಔಷಧ ಮತ್ತು ಇಂಜಿನಿಯರಿಂಗ್ ಕಾರ್ಖಾನೆಗಳು ಎದ್ದವು. 1989ರಲ್ಲಿ ನ್ಹಾವಾ ಶೇವಾ ಬಂದರು ತೆರೆದ ಮೇಲೆ ಸಾಗಾಣಿಕೆಯ ಸಂಸ್ಥೆಗಳು ಬೆಳೆದವು. ಮುಂದೆ ಐರೋಳಿ, ಮಹಾಪೆಗಳಲ್ಲಿ ಗಣಕಯಂತ್ರದ ಕಚೇರಿಗಳು ತಲೆಯೆತ್ತಿದವು. ಇವೆಲ್ಲದರ ನಡುವೆ ಕನ್ನಡಿಗರ ಹೋಟೆಲುಗಳು. ಕೂಲಿಯಿಂದ ಹಿಡಿದು ವ್ಯವಸ್ಥಾಪಕನವರೆಗೆ ಎಲ್ಲ ಮೆಟ್ಟಿಲುಗಳ ಮೇಲೂ ಕನ್ನಡಿಗರು ನಿಂತಿರುವ ಈ ಪ್ರದೇಶದಲ್ಲಿ, ಸಂಸ್ಥೆಯೊಂದಕ್ಕೆ ನೌಕರರ ನಡತೆಯ ಲಿಖಿತ ನಿಯಮಾವಳಿ ಏಕೆ ಬೇಕು ಎಂಬ ಪ್ರಶ್ನೆಯು ಬರಿಯ ಕಾಯಿದೆಯ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.

ಮನೆಯಂತಹ ಸಂಸ್ಥೆ

"ನಮ್ಮದು ಒಂದು ಕುಟುಂಬವಿದ್ದಂತೆ. ಇಲ್ಲಿ ನಿಯಮ, ನೋಟೀಸು, ವಿಚಾರಣೆ ಇವೆಲ್ಲ ಏತಕ್ಕೆ?" ಎಂಬುದು ಸಣ್ಣ ಉದ್ಯಮಿಗಳಿಂದ ಸಾಮಾನ್ಯವಾಗಿ ಕೇಳಿಬರುವ ಮಾತು. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಯಾರೂ ಹೇಳಲಾರರು. ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ಬಂದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ವಕೀಲರೂ ಲೆಕ್ಕಪರಿಶೋಧಕರೂ ಸ್ವತಃ ಹೋಟೆಲಿನ ಧನಿಗಳೂ ಆದರು. ಹುಡುಗನನ್ನು ಶಾಲೆಗೆ ಹೊತ್ತಿಗೆ ಸರಿಯಾಗಿ ಬಿಟ್ಟುಕೊಟ್ಟ ಧನಿಯ ಮುಂದೆ ಯಾವ ಬರೆದ ನಿಯಮವೂ ಇರಲಿಲ್ಲ. ಅವನ ಹೃದಯವೇ ನಿಯಮವಾಗಿತ್ತು.

ಆದರೆ ಅದೇ ಬೀದಿಯ ಮತ್ತೊಂದು ಹೋಟೆಲಿನಲ್ಲಿ ಧನಿಯ ಹೃದಯ ಹಾಗಿರದಿದ್ದರೆ? ಅಲ್ಲಿಯ ಮಾಣಿ ಯಾರ ಬಳಿ ಹೇಳಿಕೊಳ್ಳಬೇಕಾಗಿತ್ತು? ಪಗಾರ ಎಷ್ಟು, ರಜೆ ಎಂದು, ಒಡೆದ ಗಾಜಿಗೆ ದಂಡವೆಷ್ಟು ಎಂಬುದೆಲ್ಲ ಗಲ್ಲಾದಲ್ಲಿ ಕುಳಿತವರ ಅಂದಿನ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು. ಮಂಗಳೂರಿನಲ್ಲಿ ಹುಟ್ಟಿ 1949ರಲ್ಲಿ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ ಅವರು ಹೋಟೆಲು ಕಾರ್ಮಿಕರನ್ನು ಸಂಘಟಿಸಲು ಹೊರಟಾಗ ಅವರಿಗೆ ಕಿವಿಗೊಡುವವರು ಸಿಕ್ಕಿದ್ದು ಸುಮ್ಮನೆ ಅಲ್ಲ. ಒಳ್ಳೆಯ ಯಜಮಾನನ ಮನೆಯಲ್ಲಿ ನಿಯಮ ಬರೆದಿಡುವುದರಿಂದ ನಷ್ಟವೇನೂ ಇಲ್ಲ. ಕೆಟ್ಟ ಯಜಮಾನನ ಮನೆಯಲ್ಲಿ ಅದಿಲ್ಲದಿದ್ದರೆ ದುಡಿಯುವವನಿಗೆ ಗತಿಯಿಲ್ಲ. ಕುಟುಂಬದಲ್ಲಿಯೂ ಪಾಲು-ಪಟ್ಟಿಯ ದಿನ ಬರಹವೇ ಬೇಕಾಗುತ್ತದೆಯಲ್ಲವೆ?

ನಿಯಮವು ಒಡೆಯನನ್ನೂ ಕಟ್ಟುತ್ತದೆ

ನಿಯಮಾವಳಿಯೆಂದರೆ ನೌಕರನ ಮೂಗುದಾರವೆಂಬ ಭಾವನೆ ಬಹಳ ಜನರಲ್ಲಿದೆ. ಇತಿಹಾಸವು ಬೇರೆಯದನ್ನೇ ಹೇಳುತ್ತದೆ. ಮುಂಬಯಿಯ ಗಿರಣಿಗಳಲ್ಲಿ ಒಂದು ಕಾಲಕ್ಕೆ ಕೆಲಸ ಕೊಡುವುದೂ ಕಸಿದುಕೊಳ್ಳುವುದೂ ಮುಕಾದಮನ ಮಾತಿನ ಮೇಲೆ ನಿಂತಿತ್ತು. ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿ ಹೋರಾಡಿದುದರ ಫಲವಾಗಿ 1890ರಲ್ಲಿ ಭಾನುವಾರದ ರಜೆ ದೊರೆಯಿತು. ವಾರಕ್ಕೊಂದು ದಿನದ ವಿಶ್ರಾಂತಿಯು ಯಾರೋ ದಯೆಯಿಂದ ಕೊಟ್ಟ ಭಿಕ್ಷೆಯಾಗಿರದೆ, ಎಲ್ಲರಿಗೂ ಸಮನಾದ ನಿಯಮವಾದುದು ಹೀಗೆ.

1946ರಲ್ಲಿ ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಕಾಯಿದೆ ಬಂದಿತು. ಕೆಲಸದ ಹೊತ್ತು, ಪಾಳಿ, ರಜೆ, ಯಾವುದು ದುರ್ನಡತೆ, ಅದಕ್ಕೆ ಶಿಕ್ಷೆ ಏನು, ಅನ್ಯಾಯವಾದರೆ ದೂರು ಯಾರಿಗೆ ಎಂಬುದನ್ನೆಲ್ಲ ಮಾಲೀಕನು ಬರೆದು, ಸರಕಾರದ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕೆಂದು ಅದು ವಿಧಿಸಿತು. ಬಹುಸಂಖ್ಯೆಯ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಅದನ್ನು ಹೆಬ್ಬಾಗಿಲಿನ ಬಳಿ ತೂಗುಹಾಕಬೇಕೆಂಬ ಮಾತು ಆ ಕಾಯಿದೆಯಲ್ಲಿತ್ತು. ಸ್ಥಾಯೀ ಆದೇಶಗಳಲ್ಲಿ ದುರ್ನಡತೆಯೆಂದು ಬರೆದಿರದ ಕೃತ್ಯಕ್ಕಾಗಿ ಕಾರ್ಮಿಕನನ್ನು ದಂಡಿಸಲಾಗದೆಂದು ಸುಪ್ರೀಂ ಕೋರ್ಟು 1980ರ ದಶಕದ ತೀರ್ಪುಗಳಲ್ಲಿ ಸ್ಪಷ್ಟಪಡಿಸಿತು. ಬರೆದ ನಿಯಮವು ನೌಕರನ ಕೈಯನ್ನು ಮಾತ್ರವಲ್ಲ, ಒಡೆಯನ ಕೈಯನ್ನೂ ಕಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ಈ ಆಸರೆ ಎಲ್ಲರಿಗೂ ಇರಲಿಲ್ಲ. ಮೂಲ ಕಾಯಿದೆಯು ನೂರು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಮಹಾರಾಷ್ಟ್ರ ಮತ್ತು ಕರ್ನಾಟಕಗಳು ಅದನ್ನು ಐವತ್ತಕ್ಕೆ ಇಳಿಸಿದ್ದವು. 2020ರಲ್ಲಿ ಅಂಗೀಕೃತವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ಮಿತಿಯನ್ನು ಮುನ್ನೂರಕ್ಕೆ ಏರಿಸಿದೆ. ಕಾಯಿದೆಯು ಹೀಗೆ ಹಿಂದೆ ಸರಿದಾಗ ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ಹೊಣೆ ಕಡಿಮೆಯಾಯಿತೆಂದು ತಿಳಿಯುವವರಿದ್ದಾರೆ. ವಾಸ್ತವವಾಗಿ ಹೊಣೆ ಹೆಚ್ಚಿತೆಂದೇ ತಿಳಿಯಬೇಕು. ಸರಕಾರವು ಬರೆಯಿಸದಿರುವುದನ್ನು ಆತ್ಮಸಾಕ್ಷಿಯು ಬರೆಯಿಸಬೇಕಾಗಿದೆ.

ಜೀವ ಉಳಿಸುವ ಶಿಸ್ತು

ರಾಸಾಯನಿಕ ಕಾರ್ಖಾನೆಗಳ ನೆರೆಯಲ್ಲಿ ಬಾಳುವವರಿಗೆ ಶಿಸ್ತಿನ ಬೆಲೆ ಏನೆಂದು ವಿವರಿಸಬೇಕಾದುದಿಲ್ಲ. ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ 26ರಂದು ಒಂದು ಸ್ಫೋಟ, 2024ರ ಮೇ 23ರಂದು ಮತ್ತೊಂದು ಸ್ಫೋಟ ಸಂಭವಿಸಿ, ದುಡಿಯಲು ಹೋದವರು ಮನೆಗೆ ಮರಳದಾದರು. ಸುತ್ತಲಿನ ಕಟ್ಟಡಗಳ ಕಿಟಕಿಯ ಗಾಜುಗಳು ಪುಡಿಯಾದವು. 1984ರ ಡಿಸೆಂಬರ್ 2ರ ರಾತ್ರಿಯ ಭೋಪಾಲದ ದುರಂತದಲ್ಲಿ ವಿಷಾನಿಲದ ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ನಿಲ್ಲಿಸಲಾಗಿತ್ತು, ಸೋರಿದ ಅನಿಲವನ್ನು ಸುಟ್ಟುಹಾಕುವ ಗೋಪುರವೂ ಕೆಲಸ ಮಾಡುತ್ತಿರಲಿಲ್ಲ. ಯಂತ್ರಗಳು ತಾವಾಗಿ ನಿಲ್ಲುವುದಿಲ್ಲ. ಯಾರೋ ನಿಲ್ಲಿಸುತ್ತಾರೆ, ಇನ್ನು ಯಾರೋ ನೋಡಿಯೂ ಸುಮ್ಮನಿರುತ್ತಾರೆ.

ಆದುದರಿಂದ ನಡತೆಯ ನಿಯಮಾವಳಿಯು ನೌಕರನಿಗೆ ಮಾಡಬಾರದ್ದನ್ನು ಹೇಳುವುದರ ಜೊತೆಗೆ ಹೇಳಲೇಬೇಕಾದುದನ್ನೂ ಹೇಳಬೇಕು. ಶಿರಸ್ತ್ರಾಣ, ಕೈಗವಸುಗಳಿಲ್ಲದೆ ಒಳಗೆ ಬರಕೂಡದು, ಮದ್ಯ ಸೇವಿಸಿ ಯಂತ್ರ ಮುಟ್ಟಕೂಡದು, ಬೀಡಿ-ಸಿಗರೇಟು ಹಚ್ಚಕೂಡದು. ಇವು ಅವಶ್ಯ. ಆದರೆ ಕವಾಟ ಸೋರುತ್ತಿದೆಯೆಂದು ತಿಳಿಸಿದ ಕೂಲಿಯವನಿಗೆ ಶಿಕ್ಷೆಯಾಗಕೂಡದು ಎಂಬುದು ಇವೆಲ್ಲಕ್ಕಿಂತ ಅವಶ್ಯ. ಭೋಪಾಲದ ಬಳಿಕ 1987ರಲ್ಲಿ ಕಾರ್ಖಾನೆ ಕಾಯಿದೆಗೆ ಮಾಡಿದ ತಿದ್ದುಪಡಿಯು ಸನ್ನಿಹಿತವಾದ ಅಪಾಯವನ್ನು ಮೇಲಿನವರ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. ಕೆಲಸ ಹೋದೀತೆಂಬ ಭಯ ಇರುವವರೆಗೆ ಆ ಹಕ್ಕು ಕಾಗದದ ಮೇಲಿನ ಹಕ್ಕೇ. ಸಂಸ್ಥೆಯ ನಿಯಮಾವಳಿಯು ಆ ಭಯವನ್ನು ಕಳೆಯಬೇಕು.

ಅಡುಗೆಮನೆಯ ಪಾಠ

ಹೋಟೆಲು ಉದ್ಯಮವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಪ್ರವಾಸ ಮಾಡಿ, ಅಲ್ಲಿಯ ಉಪಾಹಾರ ಗೃಹಗಳ ಶುಚಿತ್ವವನ್ನು ಕಂಡು ಬಂದು, ತಮ್ಮಲ್ಲಿಯೂ ಪಾತ್ರೆಗಳನ್ನು ಹಬೆಯಿಂದ ಶುದ್ಧಗೊಳಿಸುವ ಪದ್ಧತಿಯನ್ನು ಜಾರಿಗೆ ತಂದರು. ಶುಚಿತ್ವವು ಒಬ್ಬ ಭಟ್ಟರ ಅಭ್ಯಾಸವಾಗಿ ಉಳಿಯದೆ ಸಂಸ್ಥೆಯ ನಿಯಮವಾದುದೇ ಅಲ್ಲಿಯ ವಿಶೇಷ. ಭಟ್ಟರು ಬದಲಾದರೂ ನಿಯಮ ಬದಲಾಗಲಿಲ್ಲ.

2011ರಲ್ಲಿ ಬಂದ ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಆಹಾರ ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ವಿಷಮಶೀತ ಜ್ವರದ ಗುಂಪಿನ ರೋಗಗಳಿಗೆ ಲಸಿಕೆ ಆಗಬೇಕು. ಸಾಂಕ್ರಾಮಿಕ ರೋಗವಿರುವವನು ಆಹಾರ ಮುಟ್ಟಕೂಡದು. ನಿಯಮ ಸರಿಯಾಗಿಯೇ ಇದೆ. ಆದರೆ ಜ್ವರ ಬಂದ ಒಬ್ಬ ಮಾಣಿಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಕೆಲಸಕ್ಕೆ ಬಾರದಿದ್ದರೆ ಆ ದಿನದ ಪಗಾರ ಇಲ್ಲ, ಊರಿಗೆ ಕಳುಹಿಸಬೇಕಾದ ಹಣದಲ್ಲಿ ಅಷ್ಟು ಕಡಿಮೆ. ಅವನು ಎರಡು ಗುಳಿಗೆ ನುಂಗಿ, ಜ್ವರವನ್ನು ಮುಚ್ಚಿಟ್ಟು, ಸಾಂಬಾರಿನ ಬಕೆಟ್ಟು ಹಿಡಿದು ಗಿರಾಕಿಗಳ ನಡುವೆ ನಡೆಯುತ್ತಾನೆ. ವಿಷಮಶೀತ ಜ್ವರವೂ ಕಾಮಾಲೆಯ ಒಂದು ಬಗೆಯೂ ಇಂತಹ ಕೈಗಳ ಮೂಲಕವೇ ಹಲವರ ಹೊಟ್ಟೆ ಸೇರಬಲ್ಲವು. ತಪ್ಪು ಯಾರದು? ರೋಗಿಯು ಬರಕೂಡದು ಎಂದು ಬರೆದು, ರೋಗಿಗೆ ಸಂಬಳದ ರಜೆ ಉಂಟು ಎಂದು ಬರೆಯದಿರುವ ನಿಯಮಾವಳಿಯು ಅರ್ಧ ನಿಯಮಾವಳಿ. ಅದು ಸುಳ್ಳು ಹೇಳುವುದನ್ನು ಕಲಿಸುತ್ತದೆಯೇ ಹೊರತು ಆರೋಗ್ಯವನ್ನು ಕಾಯುವುದಿಲ್ಲ. ಎರಡು ಮೂರು ದಿನದ ಪಗಾರ ಉಳಿಸಲು ಹೋಗಿ ಹೋಟೆಲಿನ ಹೆಸರನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕದ ಜಾಣತನ?

ಸ್ತ್ರೀಯರ ಮಾನ, ಸಂಸ್ಥೆಯ ಮಾನ

ಸ್ತ್ರೀಯರು ಎಲ್ಲ ಉದ್ಯೋಗಗಳಲ್ಲಿಯೂ, ರಾತ್ರಿಯ ಪಾಳಿಗಳಲ್ಲಿಯೂ ದುಡಿಯುವ ಕಾಲವಿದು. ಬಹುಕಾಲ ಈ ದೇಶದಲ್ಲಿ ಅವರ ಮಾನರಕ್ಷಣೆಗೆ ಉದ್ಯೋಗ ಸ್ಥಳದಲ್ಲಿ ಪ್ರತ್ಯೇಕ ನಿಯಮವೇ ಇರಲಿಲ್ಲ. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಹೋದ ಗ್ರಾಮಸೇವಿಕೆಯೊಬ್ಬಳ ಮೇಲೆ 1992ರಲ್ಲಿ ನಡೆದ ಘೋರ ಅತ್ಯಾಚಾರದ ತರುವಾಯ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. 1997ರ ಆಗಸ್ಟ್ 13ರಂದು ವಿಶಾಖಾ ಪ್ರಕರಣದಲ್ಲಿ ಬಂದ ತೀರ್ಪು ಪ್ರತಿ ಸಂಸ್ಥೆಗೂ ಮಾರ್ಗದರ್ಶಕ ಸೂತ್ರಗಳನ್ನು ಕೊಟ್ಟಿತು. 2013ರಲ್ಲಿ ಅದು ಕಾಯಿದೆಯಾಯಿತು. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಹಿರಿಯ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ಅದರಲ್ಲಿ ಹೊರಗಿನ ಸದಸ್ಯರೊಬ್ಬರೂ ಇರಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮನೆಗೆಲಸದ ಹೆಂಗಸಿಗೂ ಈ ರಕ್ಷಣೆ ಉಂಟು. ಸಾಮಾನ್ಯವಾಗಿ ಘಟನೆಯ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು.

ಇಷ್ಟೆಲ್ಲ ಇದ್ದರೂ ಸಣ್ಣ ಕಚೇರಿಯಲ್ಲಿ ಎಂಟು ಮಂದಿಯ ನಡುವೆ ಒಬ್ಬಳೇ ಆಗಿ ದುಡಿಯುವ ತರುಣಿಗೆ ಇದನ್ನು ತಿಳಿಸುವವರಾರು? ಗೋಡೆಯ ಮೇಲೆ ದೂರು ಕೊಡುವ ಸ್ಥಳ ಯಾವುದೆಂದು ಬರೆದಿದ್ದರೆ ಅರ್ಧ ಧೈರ್ಯ ಬರುತ್ತದೆ. ಕೆಡುಕು ಮಾಡಹೊರಟವನಿಗೂ ಅದೇ ಬರಹ ಅರ್ಧ ಭಯವನ್ನು ತರುತ್ತದೆ.

ಎಚ್ಚರಿಕೆಯ ಮಾತು

ನಿಯಮಾವಳಿಯೂ ದುರುಪಯೋಗವಾಗಬಲ್ಲದು. ಸಂಘ ಕಟ್ಟಿದವನನ್ನು ಹೊರಹಾಕಲು ಅಶಿಸ್ತಿನ ನೆಪ ಹೂಡುವುದು, ನೌಕರನ ಮನೆಯ ವಿಚಾರಗಳಲ್ಲಿ ತಲೆಹಾಕುವುದು, ಇಂಗ್ಲಿಷಿನಲ್ಲಿ ಮುದ್ರಿಸಿದ ಐವತ್ತು ಪುಟಗಳಿಗೆ ಓದದೆಯೇ ರುಜು ಹಾಕಿಸಿಕೊಳ್ಳುವುದು ಇವೆಲ್ಲ ನಡೆಯುತ್ತಲೇ ಇವೆ. ಇದು ನಿಯಮವನ್ನು ಕೈಬಿಡಲು ಕಾರಣವಲ್ಲ; ನಿಯಮವನ್ನು ಸರಿಯಾಗಿ ಬರೆಯಲು ಕಾರಣ. ಒಳ್ಳೆಯ ನಿಯಮಾವಳಿಯು ಎರಡು ಪುಟಗಳನ್ನು ಮೀರಬೇಕಾಗಿಲ್ಲ. ಅದು ಮರಾಠಿ, ಹಿಂದಿ, ಕನ್ನಡ ಹೀಗೆ ದುಡಿಯುವವರ ಭಾಷೆಗಳಲ್ಲಿರಬೇಕು. ಓದು ಬಾರದವನಿಗೆ ಓದಿ ಹೇಳಬೇಕು. ಆಪಾದನೆ ಬಂದರೆ ಅದನ್ನು ಬರೆದು ಕೊಟ್ಟು, ಉತ್ತರ ಹೇಳಲು ಅವಕಾಶ ಕೊಟ್ಟು, ಆ ಬಳಿಕವೇ ತೀರ್ಮಾನ ಮಾಡಬೇಕು. ತಡವಾಗಿ ಬರುವ ಗುಮಾಸ್ತನಿಗೆ ದಂಡವಿದ್ದರೆ, ಪಗಾರವನ್ನು ತಡವಾಗಿ ಕೊಡುವ ಒಡೆಯನಿಗೂ ಒಂದು ಕಟ್ಟುಪಾಡು ಇರಬೇಕು. ಬೈಗುಳ ಆಡಕೂಡದೆಂಬ ನಿಯಮವು ಗಲ್ಲಾದಿಂದಲೇ ಆರಂಭವಾಗಬೇಕು. ಮೇಲಿರುವವನು ಪಾಲಿಸದ ನಿಯಮವನ್ನು ಕೆಳಗಿರುವವನು ಪಾಲಿಸಬೇಕೆಂದು ಬಯಸುವುದು ಮರಳನ್ನು ಹಿಂಡಿ ಎಣ್ಣೆ ತೆಗೆಯಹೊರಟಂತೆ.

ಪರವೂರಿನಲ್ಲಿ ನೆಲೆಸಿದ ಕನ್ನಡಿಗರ ಬಂಡವಾಳವೆಂದರೆ ಅವರು ಗಳಿಸಿದ ನಂಬಿಕೆ. ಹೋಟೆಲಿನ ತಿಂಡಿ ಶುಚಿಯಾಗಿರುತ್ತದೆ, ಬ್ಯಾಂಕಿನ ಲೆಕ್ಕ ಸರಿಯಾಗಿರುತ್ತದೆ ಎಂಬ ಹೆಸರನ್ನು ಹಿಂದಿನ ತಲೆಮಾರು ಬೆವರು ಸುರಿಸಿ ಸಂಪಾದಿಸಿತು. ಅಂದು ಒಬ್ಬರ ಮುಖ ಒಬ್ಬರು ನೋಡಿ ನಡೆಯುವಷ್ಟು ಸಣ್ಣ ವ್ಯವಹಾರವಿತ್ತು. ಇಂದು ಬೇರೆ ಬೇರೆ ರಾಜ್ಯಗಳಿಂದ ಬಂದು, ಒಬ್ಬರ ಊರು ಒಬ್ಬರಿಗೆ ತಿಳಿಯದ ಜನ ಒಂದೇ ಸೂರಿನಡಿ ದುಡಿಯುತ್ತಾರೆ. ಮುಖಪರಿಚಯವು ಕಾಯುತ್ತಿದ್ದ ಮರ್ಯಾದೆಯನ್ನು ಈಗ ಬರಹವೇ ಕಾಯಬೇಕು. ಸಮಾಜದಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಅನುಭವಿ ಉದ್ಯಮಿಗಳಿದ್ದಾರೆ. ಅವರು ಒಂದು ಸಂಜೆ ಒಟ್ಟಿಗೆ ಕುಳಿತರೆ ಸಣ್ಣ ಸಂಸ್ಥೆಗಳಿಗೆ ಒಪ್ಪುವ ಎರಡು ಪುಟಗಳ ಮಾದರಿಯನ್ನು ಸಿದ್ಧಗೊಳಿಸುವುದು ಕಷ್ಟವೇನಲ್ಲ. ಅದನ್ನು ಚೌಕಟ್ಟು ಹಾಕಿಸಿ, ಗಲ್ಲಾದ ಹಿಂದಿನ ದೇವರ ಪಟದ ಪಕ್ಕದಲ್ಲಿಯೇ ತೂಗುಹಾಕಲಿ. ಊಟವನ್ನೂ ಮಾತನ್ನೂ ಬಲ್ಲವರ ಮನೆಯಲ್ಲಿ ರೋಗಕ್ಕೂ ಜಗಳಕ್ಕೂ ಎಡೆ ಕಡಿಮೆಯೆಂಬ ಹಿರಿಯರ ಮಾತು ದುಡಿಯುವ ಮನೆಯಲ್ಲಿಯೂ ಸುಳ್ಳಾಗಲಾರದು.