ಅಜ್ಜನ ಫ್ಲೆಕ್ಸೂ, ಸೂಪಾ ಅನ್ನೋ ಊರೂ...

ಅಜ್ಜ ತೀರಿಕೊಂಡು ವರ್ಷ ತುಂಬಿತು. ವರ್ಷಾಂತಿಕಕ್ಕೆ ಅಂತ ದಾಂಡೇಲಿಗೆ ಹೋಗಿದ್ದೆ. ಫ್ಲೆಕ್ಸ್ ಹಾಕಿಸಲೇಬೇಕು ಅಂತ ದೊಡ್ಡಪ್ಪನ ಹಠ. "ಎಲ್ಲಾರೂ ಹಾಕಿಸ್ತಾರ, ನಾವು ಬಿಟ್ರ ಮಂದಿ ಏನಂತಾರ?" ಸರಿ, ಕಂಪ್ಯೂಟರ್ ಕಲಿತವನು ನಾನೇ ಅಲ್ಲವಾ, ಡಿಟಿಪಿ ಅಂಗಡಿಯಲ್ಲಿ ಕೂತು ಮಾಡಿಸೋ ಕೆಲಸ ನನ್ನ ತಲೆಗೇ ಬಂತು. (ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ನಮ್ಮ ಮನೆಯಲ್ಲಿ ಪ್ರಿಂಟರ್ ರಿಪೇರಿ, ಫ್ಲೆಕ್ಸ್, ಪಹಣಿ ತೆಗೆಯೋದು ಎಲ್ಲಾ ಬರಬೇಕು.)

ಅಂಗಡಿಯ ಹುಡುಗನ ಹತ್ತಿರ ಎಲ್ಲಾ ರೆಡಿ ಇತ್ತು. ಮಧ್ಯೆ ಫೋಟೋ, ಎರಡೂ ಕಡೆ ದೀಪ, ಕೆಳಗೆ "ಸ್ನೇಹಜೀವಿ, ದೈವಭಕ್ತ, ಸದಾ ಹಸನ್ಮುಖಿ". ಹೆಸರು, ತಾರೀಖು ಬದಲಾಯಿಸಿದರೆ ಮುಗೀತು! ನಮ್ಮಜ್ಜ ಹಸನ್ಮುಖಿ ಅಲ್ಲವೇ ಅಲ್ಲ. ದೇವಸ್ಥಾನಕ್ಕೆ ಹೋದರೆ ಆರತಿ ಮುಗಿಯೋ ತನಕ ಹೊರಗೆ ಚಹಾದಂಗಡಿಯಲ್ಲಿ ಕೂತಿರುತ್ತಿದ್ದ ಮನುಷ್ಯ. ಆ ಸಾಲು ತೆಗಿ ಅಂದೆ. "ಬರೇ ಖಾಲಿ ಕಾಣ್ತದ ಸರ್" ಅಂದ.

ಆಮೇಲೆ ಬಂದದ್ದು "ಜನ್ಮಸ್ಥಳ". ದೊಡ್ಡಪ್ಪ ಜೋಯಿಡಾ ಅಂತ ಹಾಕಿಸು ಅಂದಿದ್ದರು. ಅಪ್ಪನಿಗೆ ಫೋನ್ ಮಾಡಿದೆ. ಒಂದು ನಿಮಿಷ ಸುಮ್ಮನಿದ್ದು "ಸೂಪಾ ಅಂತ ಹಾಕ್ಸು" ಅಂದರು. ಅಂಗಡಿ ಹುಡುಗ ಟೈಪ್ ಮಾಡ್ತಾ ಕೇಳಿದ, "ಸರ್, ಸೂಪಾ ಅಂದ್ರ ಡ್ಯಾಮ್ ಅಲ್ರೀ?"

ಅವನದೇನೂ ತಪ್ಪಿಲ್ಲ ಬಿಡಿ. ನಮ್ಮ ವಯಸ್ಸಿನವರಿಗೆ, ನಮಗಿಂತ ಚಿಕ್ಕವರಿಗೆ ಸೂಪಾ ಅಂದರೆ ಗಣೇಶಗುಡಿಯಲ್ಲಿರೋ 101 ಮೀಟರ್ ಎತ್ತರದ ಅಣೆಕಟ್ಟು, 100 ಮೆಗಾವಾಟ್ ಕರೆಂಟು. ಅದು ಬಿಟ್ಟ ನೀರಿನಲ್ಲಿ ಪ್ರವಾಸಿಗರು ರ್‍ಯಾಫ್ಟಿಂಗ್ ಮಾಡ್ತಾರೆ. ಅದೇ ನೀರು ಮುಂದೆ ಬೊಮ್ಮನಹಳ್ಳಿ ಜಲಾಶಯ ಸೇರಿ, ಅಂಬಿಕಾನಗರದ ನಾಗಝರಿ ವಿದ್ಯುದಾಗಾರಕ್ಕೆ ಹೋಗುತ್ತೆ. ಆದರೆ ಕಾಳಿ ಮತ್ತು ಪಾಂಡರಿ ಹೊಳೆ ಕೂಡೋ ಜಾಗದಲ್ಲಿ ಸೂಪಾ ಅಂತ ಒಂದು ಊರೇ ಇತ್ತು, ತಾಲ್ಲೂಕಿಗೂ ಅದೇ ಹೆಸರಿತ್ತು. 1980ರ ದಶಕದಲ್ಲಿ ನೀರು ಏರಿದಾಗ ಊರು ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಜನ ರಾಮನಗರ ಅಂತ ಹೊಸದಾಗಿ ಮಾಡಿದ ಊರಿಗೆ, ಇನ್ನೂ ಎಲ್ಲೆಲ್ಲಿಗೋ ಹೋದರು. ಅಜ್ಜ ಅಲ್ಲಿ ದರ್ಜಿ. ಹೊಲಿಗೆ ಮಷಿನ್ನು, ಎರಡು ಟ್ರಂಕು, ನಾಲ್ಕು ಮಕ್ಕಳನ್ನು ಲಾರಿಗೆ ಹತ್ತಿಸಿ ರಾಮನಗರಕ್ಕೆ ಬಂದವರು. ಅಪ್ಪ ಆಗ ಹೈಸ್ಕೂಲು.

ನಾನು ನೋಡಿದ ಅಜ್ಜ ಬೇರೆ. ದಾಂಡೇಲಿಯ ನಮ್ಮ ಮನೆಯ ಕಟ್ಟೆ ಮೇಲೆ ಕೂತು ನನ್ನ ಯೂನಿಫಾರ್ಮಿಗೆ ಗುಂಡಿ ಹಚ್ಚಿಕೊಡುತ್ತಿದ್ದರು. ಅಪ್ಪ ಬೈದರೆ ನನ್ನನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಮಾತ್ರ "ಒಮ್ಮೆ ನೋಡ್ಕೊಂಡು ಬರೂಣು" ಅಂತ ಶುರು ಮಾಡೋರು. ಎಂಟನೇ ಕ್ಲಾಸಿನಲ್ಲಿದ್ದಾಗ ನಾನೂ ಹೋಗಿದ್ದೆ. ನೀರಿನಿಂದ ಒಣಗಿದ ಮರದ ಬೊಡ್ಡೆಗಳು ಎದ್ದು ನಿಂತಿದ್ದವು. ಅಜ್ಜ ಕೈ ತೋರಿಸಿ "ಅಲ್ಲಿ ಪೇಟೆ, ಅದರಾಚೆ ನಮ್ಮನಿ" ಅಂದರು. ನನಗೆ ಬರೀ ನೀರು ಕಂಡಿತು. ಹಸಿವಾಗ್ತಿದೆ, ಹೋಗೋಣ ಅಂತ ರಗಳೆ ಮಾಡಿದೆ. ಅವರು ಆಮೇಲೆ ನನ್ನನ್ನು ಕರೆಯಲಿಲ್ಲ.

ಅಪ್ಪ ಕಂಡ ಅಜ್ಜನೇ ಬೇರೆ. ಮಾತಿಲ್ಲ, ಬರೀ ಪೆಟ್ಟು. ರಾಮನಗರಕ್ಕೆ ಬಂದ ಮೇಲಂತೂ ಪರಿಚಯದ ಗಿರಾಕಿಗಳಿಲ್ಲ, ಮಷಿನ್ನು ಮೂಲೆ ಸೇರಿತು, ಸಿಟ್ಟೆಲ್ಲ ಮಕ್ಕಳ ಮೇಲೆ. ಅಪ್ಪ ದಾಂಡೇಲಿಯ ಪೇಪರ್ ಮಿಲ್ಲಿಗೆ ಸೇರಿದಾಗ "ಚಲೋ ಆತು" ಅಂತ ಒಂದು ಮಾತು ಸಹ ಅಂದಿರಲಿಲ್ಲವಂತೆ. ಇದನ್ನು ಅಪ್ಪ ನನಗೆ ಹೇಳಿದ್ದು ಅಜ್ಜ ಹೋದ ಮೇಲೆ, ಅದೂ ಒಂದೇ ಸಲ. ಒಬ್ಬ ತಂದೆ, ಒಬ್ಬ ಅಜ್ಜ, ಒಂದೇ ಮೈಯಲ್ಲಿ ಇಬ್ಬರು! "ಸದಾ ಹಸನ್ಮುಖಿ" ಅಂತ ಬರೆದುಬಿಟ್ಟರೆ ಇಬ್ಬರೂ ಹೋದರು.

ನನ್ನ ತಕರಾರು ಇಷ್ಟೇ. ತೀರಿಕೊಂಡವರನ್ನು ನಾವು ಎಷ್ಟು ಬೇಗ ದೇವರು ಮಾಡಿಬಿಡ್ತೀವಲ್ಲ, ಅದು ಗೌರವ ಅಲ್ಲ, ಸೋಮಾರಿತನ. ಯಾವ ಕೆಲಸ ಮಾಡಿದರು, ಎಲ್ಲಿಂದ ಎದ್ದು ಬಂದರು, ಯಾರ ಹತ್ತಿರ ಮಾತು ಬಿಟ್ಟಿದ್ದರು, ಇದನ್ನೆಲ್ಲ ಕೇಳೋದು ಕಷ್ಟ. ವಿಶೇಷಣ ಹಾಕೋದು ಸುಲಭ. ಮುಂಡಗೋಡದ ಟಿಬೆಟಿಯನ್ನರನ್ನು ನೋಡಿ. 1966ರಿಂದ ಅಲ್ಲಿ ನೆಲೆಸಿದವರು. ಲಾಸಾ ಹತ್ತಿರದ ತಮ್ಮ ಮಠಗಳ ಹೆಸರನ್ನೇ, ಡ್ರೆಪುಂಗ್, ಗಾಂದೆನ್ ಅಂತ, ಇಲ್ಲಿ ಕಟ್ಟಿದ ಮಠಗಳಿಗೂ ಇಟ್ಟರು. ಅಲ್ಲಿನ ಹುಡುಗನಿಗೆ ತನ್ನಜ್ಜ ಎಲ್ಲಿಂದ ಬಂದ ಅನ್ನೋದು ದಾರಿಯ ಬೋರ್ಡಿನಲ್ಲೇ ಇದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿಗಳ ಮನೆಯಲ್ಲೂ ಹಿರಿಯರಿಗೆ ಪೂಜೆ ನಡೆಯುತ್ತೆ, ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ನಾವು? ಐವತ್ತು-ಅರವತ್ತು ಕಿಲೋಮೀಟರಿನೊಳಗಿನ ಊರನ್ನು ನಲವತ್ತೇ ವರ್ಷದಲ್ಲಿ ಮರೆತು ಅಜ್ಜನ ಜನ್ಮಸ್ಥಳ ಜೋಯಿಡಾ ಅಂತೀವಿ.

ಡ್ಯಾಮ್ ಕಟ್ಟಬಾರದಿತ್ತು ಅಂತ ನಾನು ಹೇಳ್ತಿಲ್ಲ. ಇದನ್ನು ಟೈಪ್ ಮಾಡ್ತಿರೋ ಲ್ಯಾಪ್‌ಟಾಪಿಗೂ ಕರೆಂಟು ಬೇಕಲ್ಲ :-) ಆದರೆ ಅಜ್ಜನ ಜೊತೆ ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರ ದನಿ ಇರೋ ಒಂದೇ ಒಂದು ಫೈಲು ನನ್ನ ಹತ್ತಿರ ಇಲ್ಲ. ಆಫೀಸಿನ ಡೇಟಾಕ್ಕೆ ಮೂರು ಕಡೆ ಬ್ಯಾಕಪ್ ಇಡೋನು ನಾನು! ಈಗ ಸೂಪಾ ನೋಡಿದವರು ನಮ್ಮ ಮನೆಯಲ್ಲಿ ಉಳಿದಿರೋದು ದೊಡ್ಡಪ್ಪ, ಅಪ್ಪ, ಹಳಿಯಾಳದ ಅತ್ತೆಯರಿಬ್ಬರು. ಚಿಕ್ಕ ಅತ್ತೆಗೆ ಆಗ ನಾಲ್ಕು ವರ್ಷ, ಲಾರಿ ಹತ್ತಿದ್ದಷ್ಟೇ ನೆನಪಂತೆ.

ಫ್ಲೆಕ್ಸ್‌ನಲ್ಲಿ ಕಡೆಗೆ "ದರ್ಜಿ, ಸೂಪಾ" ಅಂತ ಹಾಕಿಸಿದೆ. ದೈವಭಕ್ತನೂ ಉಳಿದುಕೊಂಡ, ದೊಡ್ಡಪ್ಪ ಬಿಡಲಿಲ್ಲ. ಫ್ಲೆಕ್ಸ್ ನೋಡಿ ಇಬ್ಬರು ಮುದುಕರು ಹುಡುಕಿಕೊಂಡು ಮನೆಗೆ ಬಂದಿದ್ದರು. ಒಬ್ಬರು ತಮ್ಮ ಮದುವೆ ಅಂಗಿ ಅಜ್ಜನೇ ಹೊಲಿದದ್ದು ಅಂದರು. ಅಪ್ಪ ಅವರ ಜೊತೆ ಮಧ್ಯಾಹ್ನ ಪೂರ್ತಿ ಕೊಂಕಣಿಯಲ್ಲಿ ಮಾತಾಡುತ್ತಾ ಕೂತಿದ್ದರು.

ಈಗ ಪ್ರತಿ ಭಾನುವಾರ ಅಪ್ಪನಿಗೆ ಫೋನ್ ಮಾಡಿ, ರೆಕಾರ್ಡ್ ಒತ್ತಿ, ಸೂಪಾದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಹೋದ ವಾರ ಮನೆಯಿಂದ ಹೊಳೆ ಎಷ್ಟು ದೂರ ಇತ್ತು ಅಂತ ಕೇಳಿದೆ.

"ಅಳದವ್ರು ಯಾರು? ಹೊಳಿ ದಂಡಿಗೆ ಬಂದ್ರ ನಿಮ್ಮಜ್ಜ ಮಷಿನ್ ತುಳಿಯೋ ಸಪ್ಪಳ ಕೇಳ್ತಿತ್ತು. ಸಪ್ಪಳ ನಿಂತ್ರ ಸಾಕು, ನಾವೆಲ್ಲಾ ನೀರಿನಿಂದ ಎದ್ದು ಮನಿಗೆ ಓಟ."